ಚೋರ್ಲಾ ಘಾಟ್ 200 ಕಿ.ಮೀ. ಸೈಕಲ್: ಮುಗಿಸಿದವರು, ಬಿಟ್ಟವರು ಇಬ್ಬರೂ ಹೇಳ್ರಿ

ಟಿಳಕವಾಡಿ ಹುಡುಗ: ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿದು ಗೋವಾ ಒಳಗೆ ಹೋಗಿ ಅದೇ ದಾರಿಯಲ್ಲಿ ವಾಪಸ್. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಲೆಕ್ಕ, 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಎಂಟು ಜನ ಇದ್ದೇವೆ, ಎಲ್ಲರಿಗಿಂತ ನಿಧಾನ ನಾನು. 80 ಕಿ.ಮೀ. ಆದ ಮೇಲೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಹೋಗಲೋ ಬೇಡವೋ?

ಖಾನಾಪುರದವ: ಹೋದ ವರ್ಷ ಇದೇ ದಾರಿಯಲ್ಲಿ ನಾನು ಅರ್ಧಕ್ಕೆ ಬಿಟ್ಟೆ. ದಮ್ಮು ಇತ್ತು, ಹತ್ತಲು ಬೇಕಾದ ಹಗುರ ಗೇರ್ ಇರಲಿಲ್ಲ. ಚೈನ್ ಓಡುವ ಹಲ್ಲುಚಕ್ರ ಮುಂದೆ 34 ಹಲ್ಲಿನದು, ಹಿಂದೆ ದೊಡ್ಡದು 28. ಒಂದು ಸಲ ಪೆಡಲ್ ಸುತ್ತಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗಬೇಕು. ವಾಪಸ್ ಬರುವಾಗ ಸಮುದ್ರ ಮಟ್ಟದ ಹತ್ತಿರದಿಂದ ಸುಮಾರು 800 ಮೀಟರ್ ಹತ್ತುವುದು, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಮೂರು ತಿರುವು ತಳ್ಳಿಕೊಂಡು ಹೋದೆ. ನಾಲ್ಕನೆಯದರಲ್ಲಿ ಎರಡೂ ತೊಡೆ ಒಟ್ಟಿಗೇ ಹಿಡಿದುಕೊಂಡವು. ಗೂಡ್ಸ್ ಗಾಡಿಯವರು ಸೈಕಲ್ ಹಾಕಿಕೊಂಡು ಬಂದರು, 600 ರೂಪಾಯಿ ಕೊಟ್ಟೆ.

ಬಂದ ವಾರವೇ ಹಿಂದೆ ದೊಡ್ಡದು 34 ಹಲ್ಲಿರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸೆಟ್) ಹಾಕಿಸಿದೆ, 1,450. ಚೈನ್ ಸರಿಸಿ ಗೇರ್ ಬದಲಿಸುವ ಹಳೆ ಡಿರೇಲರ್ ಅದಕ್ಕೆ ಸಾಲಲಿಲ್ಲ, ಉದ್ದನೆಯದು 2,200. ಚೈನ್ ಗಿಡ್ಡ ಆಯಿತು, ಹೊಸದು 800. ಕೂಲಿ 350. ಒಟ್ಟು 4,800. ಈಗ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ಮೊದಲೇ ಖರ್ಚು ಮಾಡಿದ್ದರೆ ಆ ದಿನ ಮುಗಿಯುತ್ತಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಶಹಾಪುರದ ಅಕ್ಕ: ತಮ್ಮಾ, ನಾನು ಅದೇ 28 ಹಲ್ಲಿನಲ್ಲಿ ಮುಗಿಸಿದ್ದೇನೆ. ವಯಸ್ಸು 46. ಬೆಳಿಗ್ಗೆ 6ಕ್ಕೆ ಬಿಟ್ಟು 12 ಗಂಟೆ 52 ನಿಮಿಷ. ಅದಕ್ಕೂ ಮೊದಲು ಏಳು ಭಾನುವಾರ ಕಣಕುಂಬಿ ತನಕ ಹೋಗಿ ಬಂದಿದ್ದೆ. ನನಗೂ ಮೊಣಕಾಲು ಮುಂದೆ ನೋಯುತ್ತಿತ್ತು. ಸೀಟು ಕೆಳಗಿತ್ತು, ಅಷ್ಟೇ. ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಎರಡು ಸೆಂ.ಮೀ. ಏರಿಸಿದೆ, ಮೂರು ವಾರದಲ್ಲಿ ನೋವು ಹೋಯಿತು. ಜೇಬಲ್ಲಿ ಶೇಂಗಾ ಉಂಡಿ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್, ಅರ್ಧ ಬಾಟಲಿಗೆ ಸುರಿಯಬೇಡಿ. ನಾನು ಒಮ್ಮೆ ಸುರಿದು ವಾಂತಿ ಮಾಡಿಕೊಂಡೆ.

ಖಾನಾಪುರದವ: ಅಕ್ಕಾರ, ನನ್ನ ತೂಕ 88 ಕೆ.ಜಿ. ನಿಮ್ಮ ಲೆಕ್ಕ ನನಗೆ ಹಚ್ಚಬೇಡಿ. ಅಭ್ಯಾಸ ನಾನೂ ಮಾಡಿದ್ದೆ.

ಗೋಕಾಕ ಸವಾರ: ಗೇರ್, ಸೀಟು ಬಿಡ್ರಿ. ಗುಂಪು ಎಂಥದ್ದು ಅಂತ ಮೊದಲು ನೋಡಿ. ಚೋರ್ಲಾ ಇಳಿಯುವಾಗ ಬ್ರೇಕ್ ಬಿಡದೆ ಹಿಡಿದಿದ್ದೆ. ರಿಮ್ ಕಾದು ಹಿಂದಿನ ಟ್ಯೂಬ್ ಢಂ ಅಂತ ಒಡೆಯಿತು. ಹಾಕಿದ ಎರಡನೇ ಟ್ಯೂಬ್‌ನ ವಾಲ್ವ್ ಕಿತ್ತುಬಂತು. ಆರು ಜನ ಒಟ್ಟಿಗೆ ಹೊರಟವರು. ನಾನು ಕೂಗಿದ್ದು ಕೇಳಿಸಿತು, ಇಬ್ಬರು ತಿರುಗಿಯೂ ನೋಡಿದರು. ಯಾರೂ ನಿಲ್ಲಲಿಲ್ಲ. ಒಂದು ಗಂಟೆ ಹತ್ತು ನಿಮಿಷ ರಸ್ತೆ ಬದಿ ಒಬ್ಬನೇ ಕೂತಿದ್ದೆ. ಆಮೇಲೆ ಅವರ ಜೊತೆ ಒಂದು ಚಹಾ ಕೂಡ ಕುಡಿದಿಲ್ಲ. ನಿಮ್ಮ ಏಳು ಜನ ಕಾಯುತ್ತಾರಾ, ಅದನ್ನು ಕೇಳಿ.

ವಡಗಾವಿ ಪೆಡಲ್: ಸರ್, ಇದು ಪಿಕ್ನಿಕ್ ಅಲ್ಲ. ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಕಂಟ್ರೋಲ್ (ದಾರಿಯಲ್ಲಿ ಹಾಜರಿ ಹಾಕಿಸುವ ತಾಣ) ಮುಚ್ಚುತ್ತದೆ. ಒಬ್ಬರಿಗಾಗಿ ಉಳಿದವರೆಲ್ಲ ಸಮಯ ಯಾಕೆ ಕಳೆದುಕೊಳ್ಳಬೇಕು? ನಾನು ಒಂದು ಸಲ ಗೆಳೆಯನಿಗಾಗಿ 50 ನಿಮಿಷ ನಿಂತೆ. ಕೊನೆಗೆ 13 ಗಂಟೆ 41 ನಿಮಿಷ. ಹನ್ನೊಂದು ನಿಮಿಷಕ್ಕೆ ಹೋಯಿತು. ಅವನು ಕ್ಷಮೆ ಕೂಡ ಕೇಳಲಿಲ್ಲ.

ಗೋಕಾಕ ಸವಾರ: ಹಾಗಾದರೆ ಒಬ್ಬರೇ ಹೋಗಿ. ಗುಂಪು ಅಂತ ಯಾಕೆ ಕರೆಯುತ್ತೀರಿ?

ವಡಗಾವಿ ಪೆಡಲ್: ಎರಡು ಒಳ್ಳೆ ಟ್ಯೂಬ್ ಇಟ್ಟುಕೊಳ್ಳದವರು ಬೇರೆಯವರನ್ನು ಬಯ್ಯಬಾರದು. ಇಳಿಜಾರಲ್ಲಿ ಮುಂದಿನ ಬ್ರೇಕ್ ಸ್ವಲ್ಪ, ಹಿಂದಿನದು ಸ್ವಲ್ಪ, ಬಿಟ್ಟು ಬಿಟ್ಟು ಹಿಡಿಯಬೇಕು. ನಿಯಮದ ಮಾತು ಬಂತಲ್ವಾ, ಶಹಾಪುರದ ಅಕ್ಕನವರ ಮನೆಯವರು ಕಾರಿನಲ್ಲಿ ಊಟ ತಂದುಕೊಟ್ಟಿದ್ದರು ಅಂತ ಅವತ್ತೇ ಮಾತಿತ್ತು.

ಶಹಾಪುರದ ಅಕ್ಕ: ಯಾರ ಮಾತು, ಹೆಸರು ಹೇಳಿ. ಕಾರು ನಿಂತಿದ್ದು ಕಂಟ್ರೋಲ್‌ನಲ್ಲಿ. ಅಲ್ಲಿ ಸಹಾಯ ತೆಗೆದುಕೊಳ್ಳಬಹುದು, ದಾರಿ ಮಧ್ಯೆ ತೆಗೆದುಕೊಳ್ಳಬಾರದು. ನಿಯಮ ಓದಿ ಬನ್ನಿ.

ಖಾನಾಪುರದವ: ಈ ಜಗಳ ಯಾಕ್ರೀ? ಆಂಬೋಲಿ ಘಾಟ್ ಹತ್ತಿ ಬಂದವರು ಯಾರಾದರೂ ಇದ್ದೀರಾ? ಅದರ ಮುಂದೆ ಚೋರ್ಲಾ ಸಣ್ಣದು ಅನ್ನುತ್ತಾರೆ.

ಗೋಕಾಕ ಸವಾರ: ಅರ್ಧಕ್ಕೆ ಗೂಡ್ಸ್ ಗಾಡಿ ಹತ್ತಿದವರು ಚೋರ್ಲಾ ಸಣ್ಣದು ಅನ್ನಬೇಡಿ.

ಶಹಾಪುರದ ಅಕ್ಕ: ವಡಗಾವಿಯವರೇ, ಉತ್ತರ ಬಂದಿಲ್ಲ. ಕಂಟ್ರೋಲ್‌ಗಳಲ್ಲಿ ಸಹಿ ಹಾಕಿಸಿದ ನನ್ನ ಬ್ರೆವೆ ಕಾರ್ಡ್ ಮನೆಯಲ್ಲಿದೆ. ಕಣಕುಂಬಿ ಕಂಟ್ರೋಲ್, ಮಧ್ಯಾಹ್ನ 3 ಗಂಟೆ 48 ನಿಮಿಷ, ಸಹಿ ಇದೆ. ಯಾವತ್ತು ಬೇಕಾದರೂ ಬಂದು ನೋಡಿ.