14ರ ಮಗನಿಗೆ ನರಿ-ಕಾಗೆ ಕಥೆ ಕೊಟ್ಟರೆ ಓದ್ತಾನಾ?

ಹೊರದೇಶದಲ್ಲಿರುವ ನಮ್ಮ ಕಡೆಯವರ ಈ ಗುಂಪಿನಲ್ಲಿ ಗದಗಿನ ಅಕ್ಕ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಮಗನಿಗೆ 14 ವರ್ಷ, ಮನೆಯಲ್ಲಿ ಆಡುವ ಕನ್ನಡ ಪೂರ್ತಿ ತಿಳಿಯುತ್ತೆ, ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದ್ತಾನೆ, ಯಾವ ಪುಸ್ತಕ ಕೊಡಲಿ ಅಂತ ಅವರು ಕೇಳಿದ್ದು. ನೀವೆಲ್ಲ ಪಟ್ಟಿ ಮೇಲೆ ಪಟ್ಟಿ ಹಾಕಿದ್ದೀರಿ. ಒಳ್ಳೇ ಪುಸ್ತಕಗಳೇ, ತಕರಾರಿಲ್ಲ. ಆದರೆ ಅಕ್ಕನ ಮಗ ಸಲೀಸಾಗಿ ಓದಬಲ್ಲ ಕನ್ನಡ ಪುಸ್ತಕದಲ್ಲಿ ನರಿ ಇರುತ್ತೆ, ಕಾಗೆ ಇರುತ್ತೆ, ಒಂದು ಹಂಡೆ ನೀರು ಇರುತ್ತೆ. ಅವನ ವಯಸ್ಸಿಗೆ ರುಚಿಸುವ ಕನ್ನಡ ಪುಸ್ತಕದ ಮೊದಲ ಪುಟ ದಾಟೋಕೆ ಅವನಿಗೆ ಅರ್ಧ ತಾಸು ಬೇಕು. ಯಾವ ಹುಡುಗ ಕೂತಾನು ಹೇಳಿ. ಅದೇ ಹುಡುಗ ಇಂಗ್ಲಿಷಿನಲ್ಲಿ ಐನೂರು ಪುಟ ಎರಡು ದಿನಕ್ಕೆ ಮುಗಿಸ್ತಾನೆ.

ನಾವು ಹಿಡಿದ ದಾರಿ ಬೇರೆ. ಒಂದೇ ಕೃತಿ, ಎರಡು ಭಾಷೆ. ಮಗಳು ಇಂಗ್ಲಿಷಿನಲ್ಲಿ ಓದ್ತಾಳೆ, ನಾನು ಅದನ್ನೇ ಕನ್ನಡದಲ್ಲಿ ಓದ್ತೀನಿ, ಊಟಕ್ಕೆ ಕೂತಾಗ ಇಬ್ಬರೂ ಜಗಳ ಆಡ್ತೀವಿ. ಅಷ್ಟೇ. ಕನ್ನಡ ಕಲಿಸುವ ಪಾಠ ಅಂತ ಇಟ್ಟುಕೊಂಡಿಲ್ಲ, ಮೇಲೆ ಕೂತು ಓದಿಸೋದಿಲ್ಲ, ಎಷ್ಟು ಪುಟ ಆಯ್ತು ಅಂತ ಕೇಳೋದಿಲ್ಲ.

ಶುರು ಮಾಡಿದ್ದು ಗಿರೀಶ ಕಾರ್ನಾಡರ 'ಹಯವದನ'ದಿಂದ. 1971ರ ನಾಟಕ. ಇಂಗ್ಲಿಷಿಗೆ ಅವರೇ ತಂದಿದ್ದಾರೆ, ಹಾಗಾಗಿ ಅನುವಾದ ಹೆಂಗಿದೆಯೋ ಏನೋ ಅನ್ನುವ ಚಿಂತೆ ಇಲ್ಲ. ಇಬ್ಬರು ಗೆಳೆಯರು. ದೇವದತ್ತ ಬುದ್ಧಿವಂತ, ಕಪಿಲ ಗಟ್ಟಿಮುಟ್ಟು ಆಳು. ಇಬ್ಬರ ತಲೆಯೂ ಹೋಗುತ್ತೆ. ಕಾಳಿ ವರ ಕೊಟ್ಟಾಗ ದೇವದತ್ತನ ಹೆಂಡತಿ ಪದ್ಮಿನಿ ಗಡಿಬಿಡಿಯಲ್ಲಿ ಇವನ ತಲೆಯನ್ನು ಅವನ ಮೈಗೆ ಜೋಡಿಸಿಬಿಡ್ತಾಳೆ. ಈಗ ಗಂಡ ಯಾರು? ನಮ್ಮ ಮಗಳು ಇದನ್ನು ಹಿಡಿದುಕೊಂಡಳು ನೋಡಿ, ವಾರ ಪೂರ್ತಿ ಬಿಡಲಿಲ್ಲ. ಬೆರಳಚ್ಚು ಮೈಯದು, ಪಾಸ್‌ಪೋರ್ಟಿನ ಫೋಟೋ ತಲೆಯದು, ಹಾಗಾದರೆ ಏರ್‌ಪೋರ್ಟಿನಲ್ಲಿ ಯಾರನ್ನು ಒಳಗೆ ಬಿಡ್ತಾರೆ ಅಂತ ಅವಳ ವಾದ. ಹತ್ತು ವರ್ಷ ಗ್ರೀನ್ ಕಾರ್ಡಿಗೆ ಕಾದ ಮನೆಯ ಮಗು ಹೀಗೇ ಯೋಚನೆ ಮಾಡೋದು, ಏನು ಮಾಡೋಣ. ವಿಡಿಯೋ ಕಾಲ್‌ನಲ್ಲಿ ಧಾರವಾಡದ ಮಾಳಮಡ್ಡಿಯಿಂದ ಅವಳ ಅಜ್ಜ, "ತಲೀನ ಖರೆ, ಬೇತಾಳನ ಕಥಿಯೊಳಗ ವಿಕ್ರಮ ಹೇಳಿದ್ದೂ ಅದನ್ನ, ಅದರಾಗ ವಾದ ಏನದ?" ಅಂದರು. ಇವಳು ಒಪ್ಪಲಿಲ್ಲ. ಆ ಜಾಗದಲ್ಲಿ ಕನ್ನಡದಲ್ಲಿ ಏನಂತ ಇದೆ ತೋರಿಸು ಅಂತ ನನ್ನ ಪುಸ್ತಕ ಕಸಿದುಕೊಂಡು, ಬೆರಳಿಟ್ಟು, ಒತ್ತಕ್ಷರ ತಪ್ಪಿ, ಮತ್ತೆ ಹಿಂದೆ ಹೋಗಿ, ಒಂದೂವರೆ ಪುಟ ತಾನೇ ಓದಿದಳು. ನಾನು ಓದು ಅಂದಿರಲಿಲ್ಲ.

14ಕ್ಕಿಂತ ಸಣ್ಣವರಿಗೆ ಇದು ಬೇಡ. ಗಂಡು-ಹೆಣ್ಣಿನ ಆಸೆ, ಸಾವು ಎಲ್ಲ ನೇರವಾಗಿ ಇದೆ.

ಚಿಕ್ಕವನಿಗೆ 12. ಅವನಿಗೆ ಎ.ಕೆ. ರಾಮಾನುಜನ್ ಕೂಡಿಸಿದ ಜನಪದ ಕಥೆಗಳು. 'ಎ ಫ್ಲವರಿಂಗ್ ಟ್ರೀ' ಅಂತ ಪುಸ್ತಕ, ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂತು. 1950ರ ದಶಕದಲ್ಲಿ ಅವರು ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದರು, ನಮ್ಮ ಸೀಮೆಯ ಕಥೆಗಳು ಅದರಲ್ಲಿ ಬೇಕಾದಷ್ಟಿವೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತೆ, ಯಾರಿಗೂ ಹೇಳೋದಿಲ್ಲ. ಒಳಗೇ ಉಸಿರುಗಟ್ಟಿ, ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಜಿಗಿದು, ಕಥೆ ಒಂದು ಜೊತೆ ಚಪ್ಪಲಿ ಆಗುತ್ತೆ, ಹಾಡು ಗಂಡಸಿನ ಕೋಟು ಆಗುತ್ತೆ. ಗಂಡ ಬಂದು ನೋಡಿ ಯಾರದು ಇದು ಅಂತ ಶುರು. ನನ್ನ ಮಗ ಬಿದ್ದು ಬಿದ್ದು ನಕ್ಕ. ಇದರ ಕನ್ನಡ ಪ್ರತಿ ಹುಡುಕೋಕೆ ಹೋಗಬೇಡಿ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರಲ್ಲ, ಕೇಳಿ. ನಮ್ಮತ್ತೆಗೆ ಇದೇ ಕಥೆ ಬೇರೆ ತರಹ ಗೊತ್ತಿತ್ತು, ಅವರದರಲ್ಲಿ ಕೋಟಿನ ಬದಲು ರುಮಾಲು. ದೊಡ್ಡವಳಿಗೆ ಆಮೇಲೆ 'ನಾಗಮಂಡಲ' ಕೊಟ್ಟಾಗ, ಆರಂಭದಲ್ಲೇ ಈ ಕಥೆಯ ಎಳೆ ಸಿಕ್ಕಿ ಅವಳೇ ಬಂದು ಹೇಳಿದಳು. ಆ ಕಥೆಯನ್ನು ಕಾರ್ನಾಡರಿಗೆ ಹೇಳಿದ್ದೇ ರಾಮಾನುಜನ್.

10-12ರ ಮಕ್ಕಳಿದ್ದರೆ ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಅಕ್ಷರ ಕಲಿಸಿದ ಕಥೆ ಸಾಕು. ಅಜ್ಜಿ ಕಾದು ಕೂರೋದು 'ಕರ್ಮವೀರ'ದಲ್ಲಿ ಬರುವ ತ್ರಿವೇಣಿಯವರ ಧಾರಾವಾಹಿಗೆ. ಆ ವಾರಪತ್ರಿಕೆ 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದು, ಸುಧಾ ಮೂರ್ತಿಯವರು ಹುಟ್ಟಿದ್ದು ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ, ಊರಿನ ನಿಮ್ಮ ಮನೆಯ ಅಟ್ಟದ ಮೇಲೂ ಹಳೇ ಸಂಚಿಕೆ ಇದ್ದೇ ಇರುತ್ತೆ. ಮಕ್ಕಳಿಗೆ ಇಳಿಸಿ ತೋರಿಸಿ.

16 ದಾಟಿದವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಸಣ್ಣದು, ಒಂದು ವಿಮಾನ ಪ್ರಯಾಣಕ್ಕೆ ಆಗುತ್ತೆ. ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಕೂಡ, ದೀಪಾ ಭಾಸ್ತಿ ಅನುವಾದ, 2025ರ ಇಂಟರ್‌ನ್ಯಾಷನಲ್ ಬುಕರ್ ಬಂದಿದ್ದು. ಬಹುಮಾನ ಬಂದ ಮೇಲೆ ನಮ್ಮ ಊರಿನ ಲೈಬ್ರರಿಯಲ್ಲೂ ತರಿಸಿದರು, ನನಗಿಂತ ಮುಂದೆ ಹನ್ನೊಂದು ಜನ ಸಾಲಿನಲ್ಲಿದ್ದರು. ಒಹಾಯೋದ ಒಂದು ಲೈಬ್ರರಿಯಲ್ಲಿ ಕನ್ನಡದ ಕಥೆಗೆ ಸಾಲು! ತೇಜಸ್ವಿಯವರ 'ಕರ್ವಾಲೋ' ಮಾತ್ರ ನಾನೇ ಓದಿ ಹೇಳಿದ್ದು, ರಾತ್ರಿ ಸ್ವಲ್ಪ ಸ್ವಲ್ಪ. ಹಾರುವ ಓತಿ ಬರುವ ತನಕ ಚಿಕ್ಕವನು ಮಲಗೋದೇ ಇಲ್ಲ ಅಂತಿದ್ದ.

ಈಗ ಎರಡು ಪ್ರತಿ ಎಲ್ಲಿಂದ ತರೋದು ಅನ್ನೋದು. ಇಂಗ್ಲಿಷ್ ಪ್ರತಿಗೆ ದುಡ್ಡು ಕೊಡಬೇಡಿ. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ, ಈ ಪುಸ್ತಕ ತರಿಸಿ ಅಂತ ಕೇಳುವ ಫಾರಂ ಅವರ ವೆಬ್‌ಸೈಟಿನಲ್ಲೇ ಇರುತ್ತೆ. ತುಂಬಿ. ನಾವು ಕೇಳೋದೇ ಇಲ್ಲ, ಆಮೇಲೆ ನಮ್ಮವರ ಪುಸ್ತಕ ಇಡೋದಿಲ್ಲ ಅಂತ ಗೊಣಗ್ತೀವಿ. ಲಿಬಿ ಆ್ಯಪ್ ಹೆಚ್ಚಿನವರಿಗೆ ಗೊತ್ತು, ನಿಮ್ಮ ಲೈಬ್ರರಿ ಕಾರ್ಡಿನಲ್ಲೇ ಇ-ಬುಕ್, ಆಡಿಯೋಬುಕ್ ಪುಕ್ಕಟೆ. ಊರಿಗೆ ಹೊರಡುವ ಮುಂಚೆ ಡೌನ್‌ಲೋಡ್ ಮಾಡಿಕೊಂಡರೆ ಧಾರವಾಡದಲ್ಲಿ ಕರೆಂಟು ಹೋದಾಗಲೂ ಓದಬಹುದು.

ಕನ್ನಡ ಪ್ರತಿಗೆ ಕೇಳಬೇಕಾದ್ದು ಇಂಟರ್‌ಲೈಬ್ರರಿ ಲೋನ್, ಅಂದರೆ ಬೇರೆ ಲೈಬ್ರರಿಯ ಪುಸ್ತಕವನ್ನು ನಿಮ್ಮ ಲೈಬ್ರರಿಯವರೇ ತರಿಸಿಕೊಡೋದು. ಅಮೆರಿಕದಲ್ಲಿ ಇರುವವರು ಇದನ್ನು ಬಿಡಲೇಬೇಡಿ. ಇದರ ಹಿಂದೆ ಒಂದು ಗಮ್ಮತ್ತಿನ ವಿಷಯ ಇದೆ. ಪಿಎಲ್-480 ಗೋಧಿ ಅಂತ ನಮ್ಮ ಹಿರಿಯರು ಹೇಳ್ತಿದ್ದರಲ್ಲ, ಅಮೆರಿಕದಿಂದ ಬರ್ತಿದ್ದ ಆ ಗೋಧಿಗೆ ಭಾರತ ರೂಪಾಯಿಯಲ್ಲಿ ದುಡ್ಡು ಕೊಡ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತದ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸೋಕೆ ಶುರು ಮಾಡಿತು, ಕನ್ನಡವೂ ಅದರಲ್ಲಿ ಇತ್ತು. ಹಾಗಾಗಿ ಶಿಕಾಗೋ, ವಿಸ್ಕಾನ್ಸಿನ್ ಕಡೆಯ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪುಸ್ತಕಗಳ ಕಪಾಟುಗಳೇ ಇವೆ. ಯಾವ ಪುಸ್ತಕ ಯಾವ ಲೈಬ್ರರಿಯಲ್ಲಿದೆ ಅಂತ ತೋರಿಸುವ ವರ್ಲ್ಡ್‌ಕ್ಯಾಟ್ ವೆಬ್‌ಸೈಟಿನಲ್ಲಿ ಹುಡುಕಿ, ನಿಮ್ಮ ಊರಿನ ಲೈಬ್ರರಿ ಕೌಂಟರಿನಲ್ಲಿ ಹೇಳಿದರೆ ಆಯ್ತು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕಬೇಕು, ಕಾಗುಣಿತ ಎರಡು ಮೂರು ತರಹ ಹಾಕಿ ನೋಡಿ. ನನಗೆ ಬಂದ ಒಂದು ಹಳೇ ಪ್ರತಿಯಲ್ಲಿ ಪ್ರಕಾಶಕರ ಹೆಸರು ಮನೋಹರ ಗ್ರಂಥಮಾಲಾ, ಧಾರವಾಡ ಅಂತ ಇತ್ತು, ಅದರ ಕೆಳಗೇ ಅಮೆರಿಕದ ಲೈಬ್ರರಿಯ ಸೀಲು. ಮಗಳು ಆ ಪುಟದ ಫೋಟೋ ತೆಗೆದು ಅಜ್ಜನಿಗೆ ಕಳಿಸಿದಳು.

ಬೇರೆ ದೇಶದವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಇ-ಬುಕ್ ಸಿಗುತ್ತೆ, ಕೇಳುವ ಪುಸ್ತಕಗಳೂ ಇವೆ. ಓದು ನಿಧಾನ ಇರುವ ಮಕ್ಕಳಿಗೆ ಕೇಳೋದು ಎಷ್ಟೋ ಸಲೀಸು. ಪ್ರಥಮ್ ಬುಕ್ಸ್‌ನವರ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ ಸಣ್ಣ ಮಕ್ಕಳಿಗೆ ಅಂತ ಎಲ್ಲರೂ ಬದಿಗಿಡ್ತಾರೆ. ಆದರೆ ಅಲ್ಲಿ ಕಥೆಗಳನ್ನು ನಾವೇ ಅನುವಾದ ಮಾಡಿ ಹಾಕಬಹುದು. ನರಿ-ಕಾಗೆ ಕಥೆ ಓದು ಅಂದರೆ ಮೂಗು ಮುರಿಯುವ ಹುಡುಗಿ, ಗದಗಿನಲ್ಲಿರುವ ಆರು ವರ್ಷದ ತಂಗಿಗಾಗಿ ಅಂಥದ್ದೇ ಕಥೆಯನ್ನು ಕನ್ನಡಕ್ಕೆ ಮಾಡು ಅಂದರೆ ಕೂತು ಮಾಡ್ತಾಳೆ. ಅಲ್ಲಿ ಅವಳು ಅಕ್ಕ ಅಲ್ವಾ.

ರಾಣೆಬೆನ್ನೂರಿನ ಅಣ್ಣ ಒಬ್ಬರು, ಇಲ್ಲಿನ ಲೈಬ್ರರಿಯ ಟೀನ್ ಕಪಾಟಿನಲ್ಲಿ ಏನೇನೋ ಇರುತ್ತೆ, ಮಗಳ ಕಾರ್ಡು ನಾನೇ ಇಟ್ಟುಕೊಂಡಿದ್ದೀನಿ ಅಂತ ಬರೆದಿದ್ದರು. ಅಣ್ಣ, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದರೆ ನಾನು ಒಪ್ಪೋದಿಲ್ಲ. ಆತ್ಮಹತ್ಯೆ, ಪ್ರೀತಿ, ಮೈಬಣ್ಣ, ಡ್ರಗ್ಸ್ ಎಲ್ಲದರ ಬಗ್ಗೆ ಆ ಪುಸ್ತಕಗಳು ಮಾತಾಡ್ತವೆ, ನಿಜ. ಶಾಲೆಯ ಕಾರಿಡಾರಿನಲ್ಲೂ ಮಕ್ಕಳು ಅದನ್ನೇ ನೋಡ್ತಿದ್ದಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಓದುಗರು ಏನು ತಗೊಂಡರು ಅನ್ನೋದನ್ನು ಗುಟ್ಟಾಗಿಡಬೇಕು ಅಂತ ಕಾನೂನೇ ಇದೆ. ಬ್ರೂಕ್ಲಿನ್ ಲೈಬ್ರರಿಯಂತೂ 2022ರಿಂದ ದೇಶದ ಬೇರೆ ಊರುಗಳ 13ರಿಂದ 21ರ ಮಕ್ಕಳಿಗೂ ಪುಕ್ಕಟೆ ಇ-ಕಾರ್ಡು ಕೊಡ್ತಿದೆ, ಹೆಸರು ಬುಕ್ಸ್ ಅನ್‌ಬ್ಯಾನ್ಡ್. ನೀವು ಕಾರ್ಡು ಕಿತ್ತುಕೊಂಡರೆ ಅವಳು ಓದೋದು ನಿಲ್ಲೋದಿಲ್ಲ, ನಿಮಗೆ ಹೇಳೋದು ನಿಲ್ಲುತ್ತೆ. ಅನುಮಾನ ಬಂದ ಪುಸ್ತಕವನ್ನು ನೀವೂ ಓದಿ. ಎರಡು ಪ್ರತಿ ಅನ್ನೋದು ಇಲ್ಲಿಗೂ ನಡೆಯುತ್ತೆ, ಎರಡೂ ಇಂಗ್ಲಿಷ್ ಆದರೇನು.

ಇನ್ನು ಬೇಸಿಗೆಯಲ್ಲಿ ಊರಿಗೆ ಹೋಗುವವರಿಗೆ. ನಮ್ಮ ಮಕ್ಕಳ ರಜೆ ಜೂನ್-ಜುಲೈ, ಅಷ್ಟರಲ್ಲಿ ಅಲ್ಲಿ ಶಾಲೆ ಶುರುವಾಗಿರುತ್ತೆ. ಅಣ್ಣ-ತಂಗಿಯರೆಲ್ಲ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೋದರೆ ನಮ್ಮವು ಜಿಟಿಜಿಟಿ ಮಳೆ ನೋಡ್ತಾ ಮನೆಯಲ್ಲಿ ಸುಮ್ನೆ ಕೂತಿರುತ್ತವೆ, ಫೋನು ಕೈಯಲ್ಲಿ. ಆಗಲೇ ಧಾರವಾಡದ ಸುಭಾಸ ರಸ್ತೆಗೆ ಕರ್ಕೊಂಡು ಹೋಗಿ. ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿಸಿ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಸಂಸ್ಥೆ ಅದು, ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಚ್ಚಾಗಿದ್ದು ಅಲ್ಲಿಂದ, ರಾಮಾನುಜನ್ನರ ಮೊದಲ ಕನ್ನಡ ಕವನ ಸಂಕಲನವೂ ಅಲ್ಲಿಂದಲೇ. ಇಂಗ್ಲಿಷಿನಲ್ಲಿ ಓದಿ ಬಂದ ಮಕ್ಕಳಿಗೆ ಆ ಮೆಟ್ಟಿಲು ಹತ್ತೋಕೆ ಒಂದು ಕಾರಣ ಇರುತ್ತೆ, ಓದದೇ ಬಂದವರಿಗೆ ಅದು ಸುಮ್ನೆ ಒಂದು ಕೋಣೆ. ಕನ್ನಡದ ಪ್ರತಿ ಅವರ ಕೈಯಿಂದಲೇ ಕೊಳ್ಳಿಸಿ. ವಿದ್ಯಾವರ್ಧಕ ಸಂಘ, ಸಾಧನಕೇರಿಯ ಬೇಂದ್ರೆ ಭವನ ಆಮೇಲೆ ನೋಡಿದರಾಯ್ತು, ಒಂದೇ ದಿನ ಎಲ್ಲ ತೋರಿಸೋಕೆ ಹೋದರೆ ಮಕ್ಕಳು ಪೇಡೆ ಮಾತ್ರ ನೆನಪಿಟ್ಟುಕೊಳ್ತಾರೆ.

ಒಂದು ಎಚ್ಚರ. ಸಪ್ತಾಪುರದ ಸುತ್ತ ಲೈಬ್ರರಿ ಅಂತ ಬೋರ್ಡು ಹಾಕಿದ ಜಾಗಗಳು ಸಾಲಾಗಿ ಕಾಣ್ತವೆ. ಅವು ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರಿಗೆ ತಿಂಗಳ ಲೆಕ್ಕದಲ್ಲಿ ಕುರ್ಚಿ ಕೊಡುವ ಕೋಣೆಗಳು. ಪುಸ್ತಕ ಅವರವರೇ ತರಬೇಕು. ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋಗಿ ಪೆಚ್ಚಾಗಬೇಡಿ.

ನನ್ನದೂ ಒಂದು ಕೇಳಿಕೆ ಇದೆ. ಶಿಶುನಾಳ ಶರೀಫರ ತತ್ವಪದಗಳನ್ನು ಮಗಳು ಹಾಡಿನಲ್ಲಿ ಕೇಳಿ ಕೇಳಿ ಅರ್ಧ ಬಾಯಿಪಾಠ ಮಾಡಿದ್ದಾಳೆ, ಈಗ ಅಕ್ಷರದಲ್ಲಿ ನೋಡಬೇಕಂತೆ. ದೊಡ್ಡ ಅಕ್ಷರದ, ಕಠಿಣ ಪದಕ್ಕೆ ಅರ್ಥ ಕೊಟ್ಟಿರುವ ಸಂಗ್ರಹ ಯಾವುದು, ಹಾವೇರಿ ಕಡೆಯವರು ಹೇಳಿ. ಆಗಸ್ಟ್‌ನಲ್ಲಿ ಆ ಕಡೆಯಿಂದ ಒಹಾಯೋಗೆ ಬರುವವರಿದ್ದರೆ ಎರಡು ಪ್ರತಿ ತಂದುಕೊಡಿ, ದುಡ್ಡು ಮೊದಲೇ ಹಾಕ್ತೀನಿ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ಒಂದಿಷ್ಟು ಶೇಂಗಾ ಚಟ್ನಿಪುಡಿಯೂ ಇರಲಿ.