ಸಹಾಯ ಬೇಕು: ಡಬ್ಬಿ ಅನಾನಸಿನ ಕೇಕ್ ನಡುವೆ ಕುಸಿಯುತ್ತಿದೆ
ಎಲ್ಲರಿಗೂ ನಮಸ್ಕಾರ. ಸಕ್ಕರೆ ಪಾಕದಲ್ಲಿ ಬರುವ ಡಬ್ಬಿ ಅನಾನಸನ್ನು ಬಳಸಿ ಮೊಟ್ಟೆಯಿಲ್ಲದ ಮೆತ್ತನೆಯ ಕೇಕ್ ಮಾಡಲು ಎರಡು ಬಾರಿ ಪ್ರಯತ್ನಿಸಿದ್ದೇನೆ. 200 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದು ಬಟ್ಟಲು ಮೊಸರು, ಅರ್ಧ ಬಟ್ಟಲು ಎಣ್ಣೆ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ, ಹಾಲಿನ ಬದಲು ಡಬ್ಬಿಯ ಪಾಕವನ್ನೇ ಸುರಿದು (ಚೆಲ್ಲಲು ಮನಸ್ಸಾಗಲಿಲ್ಲ), 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದೆ. ಅಂಚುಗಳು ಉಬ್ಬಿ ಹೊಂಬಣ್ಣಕ್ಕೆ ತಿರುಗಿದರೂ ನಡುಭಾಗ ಕುಸಿದು, ಹಣ್ಣಿನ ತುಂಡುಗಳೆಲ್ಲ ತಳ ಸೇರಿ ಅಲ್ಲಿ ಹಸಿ ಹಿಟ್ಟು ಅಂಟಂಟಾಗಿ ಉಳಿಯಿತು. ಎರಡನೆಯ ಬಾರಿ ತುಂಡುಗಳನ್ನು ಸೋಸಿ, ಒರೆಸಿ, ಒಣ ಮೈದಾದಲ್ಲಿ ಹೊರಳಿಸಿದ್ದರಿಂದ ಅವು ಮುಳುಗುವುದು ಕಡಿಮೆಯಾಯಿತಾದರೂ ಕುಸಿತ ಮಾತ್ರ ನಿಲ್ಲಲಿಲ್ಲ. ಪಾಕದ ಪ್ರಮಾಣ ಹೆಚ್ಚಾಗಿದೆಯೇ, ಅದನ್ನು ಕುದಿಸಿ ಇಂಗಿಸಿದ ಮೇಲೆ ಬೆರೆಸಬೇಕೇ, ಅಥವಾ ಶಾಖ ತಗ್ಗಿಸಿ ಹೆಚ್ಚು ಹೊತ್ತು ಬೇಯಿಸಬೇಕೇ ಎಂಬುದನ್ನು ಅನುಭವಸ್ಥರು ದಯವಿಟ್ಟು ಅಳತೆ ಸಹಿತ ತಿಳಿಸಬೇಕಾಗಿ ವಿನಂತಿ.