ಗೊಂಬೆ ಹಬ್ಬಕ್ಕೆ ಮರದ ಮೆಟ್ಟಿಲು ಮನೇಲೇ, ಕಮ್ಮಿ ಖರ್ಚಲ್ಲಿ ಮಾಡೋದು ಹೇಗೆ?

ಹೊಸಮನೆ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಮದುವೆಯಾದ ಮೇಲೆ ಇದು ನನ್ನ ಮೊದಲ ದಸರಾ. ಅಮ್ಮ ಕೊಟ್ಟ ಪಟ್ಟದ ಗೊಂಬೆ ಇದೆ, ರಾಜ ರಾಣಿ, ಸುಮಾರು 10 ಇಂಚು ಎತ್ತರ. ಇನ್ನೊಂದಿಪ್ಪತ್ತು ಚಿಕ್ಕ ಗೊಂಬೆ. ನಮ್ಮದು ಬಾಡಿಗೆ ಮನೆ, ಹಾಲಲ್ಲಿ ಒಂದು ಮೂಲೆ ಬಿಟ್ಟರೆ ಜಾಗ ಇಲ್ಲ. ರೆಡಿ ಸ್ಟ್ಯಾಂಡ್ ಬೆಲೆ ಕೇಳಿ ವಾಪಸ್ ಬಂದೆ. ಗುಜರಿ ಅಂಗಡೀಲಿ ಪ್ಯಾಕಿಂಗ್ ಹಲಗೆ ಸಿಗುತ್ತಂತೆ, ಅದರಲ್ಲಿ ಆಗುತ್ತಾ? ಹಬ್ಬ ಮುಗಿದ ಮೇಲೆ ಎಲ್ಲಿಡಲಿ ಅನ್ನೋದೇ ದೊಡ್ಡ ಚಿಂತೆ.

ಮೈಸೂರಜ್ಜಿ:
ಖಂಡಿತ ಆಗುತ್ತೆ ಕಣಮ್ಮ. ನಮ್ಮನೇಲಿ ಹನ್ನೊಂದು ವರ್ಷದಿಂದ ಗೊಂಬೆ ಕೂರ್ತಿರೋದು ಅದೇ ಹಲಗೆ ಮೇಲೆ.

ಮೊದಲು ಹಲಗೆ ಮೇಲಿನ ಮುದ್ರೆ ನೋಡು. ವಿದೇಶದ ಸಾಮಾನು ಬಂದ ಮರಕ್ಕೆ ಸುಟ್ಟ ಅಚ್ಚು ಹಾಕಿರ್ತಾರೆ. ‘ಎಚ್‌ಟಿ’ ಅಂತಿದ್ದರೆ ಕಾಯಿಸಿ ಹುಳ ಸಾಯಿಸಿದ ಮರ, ತಗೋ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಪುಕ್ಕಟೆ ಕೊಟ್ಟರೂ ಬೇಡ. ಎಣ್ಣೆ ಕುಡಿದು ಕಪ್ಪಾದದ್ದೂ ಬೇಡ.

ಗಣೇಶನ್ನ ಬಿಟ್ಟ ತಕ್ಷಣ ಹಲಗೆ ತಂದುಬಿಡು. ಮಳೆಗಾಲದ ತೇವ ಒಳಗೇ ಇರುತ್ತೆ. ಒಂದು ವಾರ ಗಾಳಿ ಆಡೋ ಕಡೆ, ಮಧ್ಯೆ ಕಡ್ಡಿ ಕೊಟ್ಟು ಒಂದರ ಮೇಲೊಂದು ಜೋಡಿಸಿಡು. ಅವಸರಕ್ಕೆ ಬಿಸಿಲಿಗೆ ಹಾಕಬೇಡ, ಸೊಟ್ಟಗಾಗುತ್ತೆ.

ಈಗ ನಿನ್ನ ಜಾಗದ ಚಿಂತೆ. ಒಂದೇ ಮೆಟ್ಟಿಲ ಸಾಲು ಮಾಡಬೇಡ, ಎರಡೂ ಕೊನೆಗೆ ಹಲಗೆಯ ಕಾಲಿರೋ ಬೇರೆ ಬೇರೆ ಮೂರು ಮಣೆ ಮಾಡು. ಹಿಂದಿನದು 36 ಇಂಚು ಉದ್ದ, 21 ಎತ್ತರ. ನಡುವಿನದು 33 ಉದ್ದ, 14 ಎತ್ತರ. ಮುಂದಿನದು 30 ಉದ್ದ, 7 ಎತ್ತರ. ಅಗಲ ಎಲ್ಲಕ್ಕೂ 8 ಇಂಚು, ಅಂದರೆ 4 ಇಂಚಿನ ಎರಡು ಹಲಗೆ ಪಕ್ಕಪಕ್ಕ. ಮುಕ್ಕಾಲು ಇಂಚು ದಪ್ಪದ ಹಲಗೆಯಾದರೆ ಹಬ್ಬ ಮುಗಿದ ಮೇಲೆ ಒಂದರ ಹೊಟ್ಟೆಯೊಳಗೊಂದು ಸಲೀಸಾಗಿ ಹೋಗುತ್ತೆ. ಮೂರೂ ಸೇರಿ ಒಂದು ಸ್ಟೂಲಿನ ಜಾಗ. ನಮ್ಮನೇಲಿ ವರ್ಷವಿಡೀ ಅದರ ಮೇಲೆ ಪುಸ್ತಕ ಇರುತ್ತೆ.

ಎತ್ತರದ ಮಣೆಗೆ ಹಿಂದುಗಡೆ ಕೆಳಗೆ ಒಂದು ಅಡ್ಡಪಟ್ಟಿ ಹೊಡೆಯೋದು ಮರೀಬೇಡ. ಮೊದಲ ವರ್ಷ ನಾನು ಹೊಡೆದಿರಲಿಲ್ಲ. ಮೂರನೇ ದಿನ ಆರತಿ ಹೊತ್ತಲ್ಲಿ ಮಣೆ ಪಕ್ಕಕ್ಕೆ ವಾಲಿ ರಾಜನ ಗೊಂಬೆ ಬಿದ್ದು ಕೈ ಮುರೀತು. ನಮ್ಮತ್ತೆಯ ತವರಿನ ರಕ್ತಚಂದನದ ಗೊಂಬೆ ಅದು. ಅಂಟು ಹಾಕಿದ್ದೀನಿ, ಆದರೂ ಪ್ರತಿ ವರ್ಷ ಪಂಚೆ ಕಟ್ಟೋವಾಗ ಆ ಗೀಟು ಕೈಗೆ ಸಿಗುತ್ತೆ, ಹೊಟ್ಟೆ ಚುರ್ ಅನ್ನುತ್ತೆ.

ಪ್ಯಾಕಿಂಗ್ ಮರ ಮೊಳೆಗೆ ಬೇಗ ಸೀಳುತ್ತೆ. ಮೊಳೆಯನ್ನ ತಲೆಕೆಳಗಾಗಿ ಹಿಡಿದು, ಚೂಪು ತುದಿಗೆ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿ ಮೊಂಡು ಮಾಡು, ಆಮೇಲೆ ಹೊಡಿ. ಸೀಳಲ್ಲ. ಜೋಡಿಸೋ ಕಡೆ ಫೆವಿಕಾಲ್ ಕೂಡ ಹಚ್ಚು. ಉಪ್ಪು ಕಾಗದ 80 ನಂಬರಿಂದ ಶುರು ಮಾಡಿ 220ಕ್ಕೆ ಮುಗಿಸು, ಮರದ ಗೆರೆ ಹೋದ ದಿಕ್ಕಲ್ಲೇ ಉಜ್ಜು. ಬಣ್ಣ ಬೇಕಾಗಿಲ್ಲ, ಮೇಲೆ ಬಿಳಿ ಪಂಚೆ ಹಾಸ್ತೀವಲ್ಲ.

ಉಳಿದ ತುಂಡು ಎಸೀಬೇಡ. ನಾನು ಎತ್ತಿನ ಗಾಡಿ, ಬಾವಿ ಕಟ್ಟೆ, ಸಂತೆ ಅಂಗಡಿ ಮಾಡಿದ್ದೀನಿ. ಬೇವಿನ ಕೊಂಬೆಯನ್ನ ತೊಗಟೆ ಸಮೇತ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೆರಳಲ್ಲಿ ಒಣಗಿಸಿದರೆ ಚಿಕ್ಕ ಗೊಂಬೆಗೆ ಪೀಠ ಆಗುತ್ತೆ. ಹಿಂದಿನ ಸಾಲಿನ ಗೊಂಬೆ ಮುಖ ಕಾಣಬೇಕಲ್ಲ, ಅದಕ್ಕೆ.

ಆಲೆಮರ:
ನಮ್ಮೂರು ಚನ್ನಪಟ್ಟಣ, ಲೇತ್ ಕೆಲಸ ನಮ್ಮ ಮನೆ ಕಸುಬು. ಅಜ್ಜಿ ಹೇಳಿದ್ದು ಸರಿ. ಬಣ್ಣದ ವಿಷಯ ಒಂದು ಮಾತು ಸೇರಿಸ್ತೀನಿ. ನಮ್ಮ ಗೊಂಬೆ ಹೊಳಪು ಮನೇಲಿ ಬ್ರಷ್ ಹಿಡಿದು ಬರಿಸೋಕಾಗಲ್ಲ. ಮರ ಲೇತಲ್ಲಿ ತಿರುಗ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತೀವಿ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆ ಗರಿ ಒತ್ತಿ ಹೊಳಪು ತರ್ತೀವಿ. ನಿಮ್ಮ ಗಾಡಿ, ಬಾವಿಗೆ ನೀರಲ್ಲಿ ಕಲಸೋ ಪೋಸ್ಟರ್ ಬಣ್ಣ ಸಾಕು. ಅರಿಶಿನ ಕಲಸಿ ಹಚ್ಚಬೇಡಿ, ಮೊದಲ ದಿನ ಚೆಂದ, ಬೆಳಕಿಗೆ ಬೇಗ ಮಾಸುತ್ತೆ. ಈ ಕಡೆ ಬಂದಾಗ ಲೇತ್ ಮನೆಗಳಲ್ಲಿ ಕೇಳಿ, ಬಣ್ಣ ಹಾಕದ ಬಿಡಿ ಚಕ್ರ, ಮಣಿ ಸಿಕ್ಕರೂ ಸಿಗಬಹುದು. ಗಾಡಿಗೆ ಚೆನ್ನಾಗಿ ಒಪ್ಪುತ್ತೆ.

ಹೊಸಮನೆ_ಬೆಂಗಳೂರು:
ಇವತ್ತು ಹೋಗಿದ್ದೆ. ಒಂಬತ್ತು ಹಲಗೆ ಆರಿಸಿದೆ, ಎರಡರ ಮೇಲೆ ಎಂಬಿ ಇತ್ತು, ಅಲ್ಲೇ ಬಿಟ್ಟು ಬಂದೆ. ಏಳು ಹಲಗೆಗೆ 280 ರೂಪಾಯಿ. ಬಾಲ್ಕನೀಲಿ ಕಡ್ಡಿ ಕೊಟ್ಟು ಜೋಡಿಸಿದ್ದೀನಿ, ಮನೆಯೆಲ್ಲ ಮರದ ವಾಸನೆ. ಅಜ್ಜಿ, ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲೇ ತಾನೆ?

ಮೈಸೂರಜ್ಜಿ:
ಹೌದಮ್ಮ, ಮೇಲಿನದರಲ್ಲೇ, ಜೊತೆಗೆ ಕಳಶ. ದೀಪ ಮಾತ್ರ ಮಣೆ ಮೇಲೆ ಬೇಡ, ನೆಲದ ಮೇಲೆ ತಟ್ಟೇಲಿಡು. ಅಡ್ಡಪಟ್ಟಿ ಹೊಡೆದ ಮೇಲೆ ಒಂದು ಫೋಟೋ ಹಾಕು, ನೋಡ್ತೀನಿ.